ಗದ್ದಲ ಗ್ರೈಂಡರಿನದು, ಬಿಲ್ಲು ಕೆಟಲಿನದು

ಭಾನುವಾರ ಸಂಜೆ ಗ್ರೈಂಡರ್ ಗುಡುಗತೊಡಗಿತೆಂದರೆ ಅಮ್ಮನ ಕಣ್ಣು ಗಡಿಯಾರದ ಮೇಲೆ. "ಅರ್ಧ ಗಂಟೆ ಆಯ್ತು ಕಣೋ, ಕರೆಂಟ್ ಬಿಲ್ ಎಷ್ಟು ಬರತ್ತೋ!" ಅದೇ ಅಮ್ಮ, ಕಾಫಿ ಫಿಲ್ಟರಿಗೆ ಎರಡು ಲೋಟ ಬಿಸಿನೀರು ಬೇಕಾದಾಗ ಕೆಟಲ್ ತುಂಬ ಕಾಯಿಸುತ್ತಾಳೆ. ಅದು ಸದ್ದು ಮಾಡುವುದಿಲ್ಲವಲ್ಲ.

ಒಂದು ಸಲ ಲೆಕ್ಕ ಹಾಕಿಯೇಬಿಡೋಣ ಅನಿಸಿತು. ಫ್ರಿಜ್, ಫ್ಯಾನ್, ವೈಫೈ ಎಲ್ಲ ಆಫ್. ಮೂರನೇ ಮಹಡಿಯಲ್ಲಿ ಅಮ್ಮ, ಕೆಳಗೆ ಮೀಟರ್ ಬೋರ್ಡಿನ ಮುಂದೆ ನಾನು, ನಡುವೆ ಮೊಬೈಲ್. ಡಿಜಿಟಲ್ ಮೀಟರಿನಲ್ಲಿ ಕೆಂಪು ದೀಪವೊಂದು ಮಿಣುಕುವುದನ್ನು ನೋಡಿರುತ್ತೀರಿ. ನಮ್ಮದರ ಮೇಲೆ 3200 ಎಂದು ಅಚ್ಚಾಗಿದೆ: ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. (ನಿಮ್ಮ ಮೀಟರಿನಲ್ಲಿ ಬೇರೆ ಅಂಕಿ ಇರಬಹುದು, ನೋಡಿಕೊಳ್ಳಿ.) ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್, ಒಂದು ಮಿಣುಕಿಗೆ 1125 ಜೂಲ್ ಬಂತು. ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡೋ ಅದರಿಂದ 1125ನ್ನು ಭಾಗಿಸಿದರೆ ವ್ಯಾಟ್, ಅಂದರೆ ಸೆಕೆಂಡಿಗೆ ಎಷ್ಟು ಜೂಲ್ ಎಂಬುದು, ಸಿಕ್ಕಿತು.

ಗ್ರೈಂಡರ್ ಏಳೂವರೆ ಸೆಕೆಂಡಿಗೊಮ್ಮೆ ಮಿಣುಕಿಸಿತು, ಅಂದರೆ 150 ವ್ಯಾಟ್. ಯೂನಿಟ್ಟಿಗೆ ತೆರಿಗೆಯೆಲ್ಲ ಸೇರಿ 7 ರೂಪಾಯಿ ಎಂದು ಹಿಡಿದರೆ ಅರ್ಧ ಗಂಟೆಗೆ 53 ಪೈಸೆ. ಮಿಕ್ಸಿಯ ಮೈಮೇಲೆ 750 ವ್ಯಾಟ್ ಎಂದಿದ್ದರೂ ನಿಮಿಷಕ್ಕೆ ಮಿಣುಕಿದ್ದು 25 ಸಲ, ಸುಮಾರು 470 ವ್ಯಾಟ್. ಕಾಯಿಚಟ್ನಿಗೆ ಮೋಟಾರು ಪೂರ್ತಿ ಬೆವರು ಸುರಿಸಬೇಕಿಲ್ಲ. ಮೂರು ನಿಮಿಷಕ್ಕೆ 16 ಪೈಸೆ. ಕೆಟಲ್ ಹಾಕಿದಾಗ ದೀಪ ನಿಮಿಷಕ್ಕೆ 80 ಸಲ ಪಟಪಟನೆ ಹೊಡೆದುಕೊಂಡಿತು. 1500 ವ್ಯಾಟ್, ನಾಲ್ಕು ನಿಮಿಷ, ಒಂದು ಲೀಟರಿಗೆ 70 ಪೈಸೆ. ದಿನಕ್ಕೆ ಮೂರು ಸಲ ಕಾಯಿಸಿದರೆ ತಿಂಗಳಿಗೆ 63 ರೂಪಾಯಿ. ವಾರಕ್ಕೆರಡು ಸಲ ಹಿಟ್ಟು ರುಬ್ಬಿದರೂ ಐದು ರೂಪಾಯಿ ಮುಟ್ಟುವುದಿಲ್ಲ.

ತಪ್ಪು ಕೆಟಲಿನದಲ್ಲ, ನೀರೇ ಹಾಗೆ. ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಹತ್ತಿರಹತ್ತಿರ 4200 ಜೂಲ್ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಆ ಮಟ್ಟಿಗೆ ಉಳಿತಾಯ. ಆದರೂ 25 ಡಿಗ್ರಿಯಿಂದ ಅಲ್ಲಿಗೇರಲು ಮೂರು ಲಕ್ಷ ಜೂಲ್. ಇನ್ನು ನಲ್ಲಿಗೆ ಬರುವ ಕಾವೇರಿಯನ್ನೇ ನೋಡಿ: ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಹತ್ತಿ ಬರುತ್ತಾಳೆ. ಪಂಪು, ಪೈಪುಗಳಲ್ಲಿ ಸೋರಿಹೋಗುವ ಶಕ್ತಿ ಬಿಟ್ಟರೆ, ಒಂದು ಲೀಟರನ್ನು ಅಷ್ಟು ಮೇಲೆತ್ತಲು 4900 ಜೂಲ್ ಸಾಕು. ಅದೇ ಲೀಟರನ್ನು ಅಡುಗೆಮನೆಯಲ್ಲಿ ಕುದಿಸಲು ಅದರ ಅರವತ್ತು ಪಟ್ಟು!

ಪೈಸೆ ಲೆಕ್ಕ ಎಂದು ನಗಬೇಡಿ. ಗೃಹಜ್ಯೋತಿಯಲ್ಲಿರುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. 198ರಲ್ಲಿ ನಿಂತವರಿಗೆ ಮೂರು ಯೂನಿಟ್ ಸಣ್ಣದಲ್ಲ.

ಉಳಿದದ್ದು ರೈಸ್ ಕುಕ್ಕರ್. ಅನ್ನ ಆದಮೇಲೂ ರಾತ್ರಿಯಿಡೀ ಬೆಚ್ಚಗಿಡುವ ಅದರ ಹಳದಿ ದೀಪದ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಮತ್ತೆ ಕೆಳಗಿಳಿದೆ. ಒಂದು ಮಿಣುಕಿಗೂ ಇನ್ನೊಂದಕ್ಕೂ ನಡುವೆ 28 ಸೆಕೆಂಡು, 40 ವ್ಯಾಟ್. ಹತ್ತು ಗಂಟೆಗೆ 0.4 ಯೂನಿಟ್, ನಾಲ್ಕು ಕೆಟಲ್ ನೀರಿನ ಖರ್ಚು. ಖಾತ್ರಿಗೆಂದು ಹತ್ತು ಮಿಣುಕು ಎಣಿಸುವಷ್ಟರಲ್ಲಿ ಸೊಳ್ಳೆಗಳು ಕಾಲು ತಿಂದುಹಾಕಿದ್ದವು. ಫೋನಿನಲ್ಲಿ ಅಮ್ಮ: "ಫ್ರಿಜ್ ಆನ್ ಮಾಡ್ಲೇನೋ? ಹಾಲು ಒಡೆಯತ್ತೆ."