ಲೆಸ್ಟರ್ ಪೂರ್ವ: ಮತ ಇಳಿದರೂ ಗೆದ್ದ ಪಕ್ಷ

ಚುನಾವಣೆಯ ಅಂಕಿಅಂಶ ಓದುವುದನ್ನು ಹೊಸ ವರದಿಗಾರರಿಗೆ ಹೇಳಿಕೊಡುವಾಗ ನಾನು ಮೊದಲು ಎತ್ತಿಕೊಳ್ಳುವುದು ಕರ್ನಾಟಕದ ಕ್ಷೇತ್ರವನ್ನಲ್ಲ, ಇಂಗ್ಲೆಂಡಿನ ಲೆಸ್ಟರ್ ಪೂರ್ವವನ್ನು. ನಮ್ಮ ಕಡೆಯದಾದರೆ ಜಾತಿ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅಂಕಿ ನೋಡುವ ಮುಂಚೆಯೇ ಉತ್ತರ ತಯಾರಿರುತ್ತದೆ.

ಬೋರ್ಡಿನ ಮೇಲೆ ಎರಡೇ ಸಾಲು ಬರೆಯುತ್ತೇನೆ. 2019ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 19,071 ಮತ, ಸೋಲು. 2024ರಲ್ಲಿ ಅದೇ ಪಕ್ಷಕ್ಕೆ 14,526 ಮತ, ಗೆಲುವು. ದೇಶದಾದ್ಯಂತ ನೆಲಕಚ್ಚಿ 121 ಸೀಟಿಗೆ ಕುಸಿದ ಆ ಚುನಾವಣೆಯಲ್ಲಿ ಅದು ಬೇರೆ ಪಕ್ಷದಿಂದ ಕಿತ್ತುಕೊಂಡದ್ದು ಈ ಒಂದೇ ಕ್ಷೇತ್ರವನ್ನು. ಅದೂ ಲೇಬರ್ ಪಕ್ಷದ ಭದ್ರಕೋಟೆ.

ಆ ಕೋಟೆ ಕಟ್ಟಿದ್ದು ಲೇಬರ್ ಸಂಸದ ಕೀತ್ ವಾಜ್. ಗೋವಾ ಮೂಲದ, ಏಡನ್‌ನಲ್ಲಿ ಹುಟ್ಟಿದ ವಾಜ್ 1987ರಲ್ಲಿ ಗೆದ್ದದ್ದು ಬರೀ 1,924 ಮತಗಳಿಂದ. 2017ರ ಹೊತ್ತಿಗೆ ಅಂತರ 22,428ಕ್ಕೆ ಬೆಳೆದಿತ್ತು, ಮತಪ್ರಮಾಣ ಶೇ. 67. ಬೇರೆ ಪಕ್ಷದವರು ಇಲ್ಲಿ ಕರಪತ್ರ ಹಂಚುವುದೂ ದಂಡ ಅನ್ನುವಂಥ ಅಂಕಿ.

ಈ ಮತದಾರರು ಯಾರು? 1972ರಲ್ಲಿ ಇದಿ ಅಮೀನ್ ಏಷ್ಯನ್ನರನ್ನು ಉಗಾಂಡಾದಿಂದ ಹೊರದಬ್ಬಿದಾಗ, ದಯವಿಟ್ಟು ಇಲ್ಲಿಗೆ ಬರಬೇಡಿ ಎಂದು ಲೆಸ್ಟರ್ ನಗರಾಡಳಿತ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಜನ ಬಂದೇ ಬಂದರು, ಹೆಚ್ಚಿನವರು ಗುಜರಾತಿಗಳು. ಬೆಲ್‌ಗ್ರೇವ್ ರಸ್ತೆಯ ಸೀರೆ, ಚಿನ್ನ, ಮಿಠಾಯಿ ಅಂಗಡಿಗಳ ಸಾಲಿಗೆ ಈಗ ‘ಗೋಲ್ಡನ್ ಮೈಲ್’ ಎಂದೇ ಹೆಸರು. ದೀಪಾವಳಿಗೆ ನಗರಾಡಳಿತವೇ ಅಲ್ಲಿ ದೀಪ ಕಟ್ಟುತ್ತದೆ. 2021ರ ಜನಗಣತಿಯ ಪ್ರಕಾರ ಇಡೀ ನಗರದಲ್ಲಿ ಏಷ್ಯನ್ನರು ಶೇ. 43.4, ಬಿಳಿಯರು ಶೇ. 40.9.

ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬರು ಕೈ ಎತ್ತುತ್ತಾರೆ: “ಸರ್, ಬೂತ್‌ವಾರು ಲೆಕ್ಕ ಕೊಡಿ, ಬೆಲ್‌ಗ್ರೇವ್ ಯಾರಿಗೆ ಹಾಕಿತು ನೋಡೋಣ.” ನಮ್ಮಲ್ಲಿ ಫಾರಂ 20 ತೆರೆದರೆ ಯಾವ ಶಾಲೆಯ ಯಾವ ಕೊಠಡಿಯಲ್ಲಿ ಯಾರಿಗೆಷ್ಟು ಬಿತ್ತು ಅನ್ನುವುದು ಕಣ್ಣಮುಂದೆ ಬರುತ್ತದಲ್ಲ, ಆ ಅಭ್ಯಾಸ. ಬ್ರಿಟನ್ನಿನಲ್ಲಿ ಅದಿಲ್ಲ. ಪೆಟ್ಟಿಗೆಯಲ್ಲಿ ಎಷ್ಟು ಚೀಟಿ ಇವೆ ಎಂದು ಮೊದಲು ತಾಳೆ ನೋಡುತ್ತಾರೆ. ಆಮೇಲೆ ಒಂದು ಪೆಟ್ಟಿಗೆಯ ಚೀಟಿಗಳನ್ನು ಇನ್ನೊಂದರ ಜೊತೆ ಬೆರೆಸಿಯೇ ಪಕ್ಷವಾರು ಎಣಿಸಬೇಕು. ಯಾವ ಓಣಿ ಯಾರಿಗೆ ಎಂಬುದು ಅಲ್ಲೇ ಅಳಿಸಿಹೋಗುತ್ತದೆ. (ನನಗೆ ವೈಯಕ್ತಿಕವಾಗಿ ಈ ಪದ್ಧತಿಯೇ ಇಷ್ಟ. ನಮ್ಮೂರಿನ ಓಣಿಗಳು ಚುನಾವಣೆ ಮುಗಿದ ಮೇಲೆ ಶಾಸಕರ ಸಿಟ್ಟು ತಿನ್ನುವುದನ್ನು ನೋಡಿದ್ದೇನೆ.)

ಹಾಗಾಗಿ ‘ಹಿಂದೂಗಳು ಹೀಗೆ ಹಾಕಿದರು, ಮುಸ್ಲಿಮರು ಹಾಗೆ’ ಎಂದು ಯಾರಾದರೂ ದಶಾಂಶ ಸಮೇತ ಹೇಳಿದರೆ ಅದು ಜನಗಣತಿಯನ್ನು ಫಲಿತಾಂಶದ ಮೇಲಿಟ್ಟು ಮಾಡಿದ ಅಂದಾಜು, ಇಲ್ಲವೇ ಸಮೀಕ್ಷೆ. ಪೌರತ್ವದ ಕಾಲಂ ನೋಡಿ ಮತದಾರರನ್ನು ಎಣಿಸಲೂ ಆಗದು: ಕಾನೂನುಬದ್ಧವಾಗಿ ಅಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳಿಗೂ ಸಂಸತ್ ಚುನಾವಣೆಯಲ್ಲಿ ಮತವಿದೆ. ಭಾರತದ ಪಾಸ್‌ಪೋರ್ಟ್ ಹಿಡಿದು ಓದಲು ಹೋದ ನಮ್ಮ ಹಾಸನದ ಹುಡುಗನೂ ಅಲ್ಲಿ ಮತದಾರನಾಗಬಹುದು.

ಆದರೂ ಬಿರುಕು ಯಾವಾಗ ಕಂಡಿತು ಅನ್ನಲು ಬೂತ್ ಲೆಕ್ಕ ಬೇಕಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಲೇಬರ್ ಸಮ್ಮೇಳನ ಕಾಶ್ಮೀರದ ಬಗ್ಗೆ ಅಂಗೀಕರಿಸಿದ ನಿರ್ಣಯ ಅನೇಕ ಬ್ರಿಟಿಷ್ ಹಿಂದೂಗಳನ್ನು ಕೆರಳಿಸಿತು. ವಾಜ್ ಕಣದಿಂದ ಹಿಂದೆ ಸರಿದರು, ಲಂಡನ್ನಿನ ಕ್ಲಾಡಿಯಾ ವೆಬ್ ಬಂದರು. ಗೆದ್ದರು, ಆದರೆ ಅಂತರ 6,019ಕ್ಕೆ ಇಳಿಯಿತು. 2022ರಲ್ಲಿ ಭಾರತ-ಪಾಕಿಸ್ತಾನ ಪಂದ್ಯದ ನಂತರ ಬೀದಿಗಳಲ್ಲಿ ಗಲಾಟೆಯೂ ಆಯಿತು.

2024ರಲ್ಲಿ ಲೆಸ್ಟರ್‌ನಲ್ಲೇ ಹುಟ್ಟಿದ ಶಿವಾನಿ ರಾಜಾ ಕನ್ಸರ್ವೇಟಿವ್ ಅಭ್ಯರ್ಥಿ. ಲೇಬರ್ ಮತ್ತೆ ಲಂಡನ್ನಿನಿಂದಲೇ ರಾಜೇಶ್ ಅಗ್ರವಾಲರನ್ನು ತಂದಿತು. ಅವರಿಗೆ ಸಿಕ್ಕಿದ್ದು 10,100. ಪಕ್ಷದಿಂದ ಹೊರಬಿದ್ದಿದ್ದ ವೆಬ್ ಪಕ್ಷೇತರರಾಗಿ 5,532, ಬೇರೊಂದು ಚಿಹ್ನೆಯಡಿ ಮರಳಿದ ವಾಜ್ 3,681. ಮೂವರದನ್ನೂ ಕೂಡಿಸಿ: 19,313. ಈ ಮತಗಳೆಲ್ಲ ಒಂದೇ ಪೆಟ್ಟಿಗೆಗೆ ಬೀಳುತ್ತಿದ್ದವು ಅನ್ನಲಾಗದು, ಆದರೂ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಬೇಕಾದ ಮೊತ್ತ.

ಏಕೆಂದರೆ ಇದು ಮೊದಲ ಸಲವಲ್ಲ. 1983ರಲ್ಲೂ ಲೇಬರ್ ಬಿಟ್ಟುಹೋದ ಸಂಸದ ಟಾಮ್ ಬ್ರ್ಯಾಡ್ಲಿ ಇದೇ ಕ್ಷೇತ್ರದಲ್ಲಿ ಎಸ್‌ಡಿಪಿಯಿಂದ (ಲೇಬರ್‌ನಿಂದ ಸಿಡಿದವರು ಕಟ್ಟಿದ ಪಕ್ಷ) ನಿಂತಿದ್ದರು. ಆಗಲೂ ಗೆದ್ದದ್ದು ಕನ್ಸರ್ವೇಟಿವ್ ಪಕ್ಷವೇ, 933 ಮತಗಳಿಂದ.

ಪಕ್ಕದ ಲೆಸ್ಟರ್ ದಕ್ಷಿಣದಲ್ಲಿ ಅದೇ 2024ರ ರಾತ್ರಿ ಲೇಬರ್‌ನ ಇನ್ನೊಂದು ಕೋಟೆ ಪಕ್ಷೇತರ ಅಭ್ಯರ್ಥಿಯ ಪಾಲಾಯಿತು, 979 ಮತಗಳಿಂದ. ಅಲ್ಲಿನ ಸಿಟ್ಟು ಗಾಜಾದ್ದು. ಆ ಪಾಠ ಮರುದಿನದ ತರಗತಿಗೆ.