ಪದ ಪರಿಚಯ: ಬ್ರ್ಯಾಂಡನ್‌ಬರ್ಗ್ ಮಾನದಂಡ

ಹಿಂಸೆಯನ್ನು ಸಮರ್ಥಿಸುವ ಮಾತು ಯಾವಾಗ ಅಪರಾಧವಾಗುತ್ತದೆ? ಅಮೆರಿಕದ ನ್ಯಾಯಾಲಯಗಳು ಇದನ್ನು ಅಳೆಯುವುದು 1969ರ ‘ಬ್ರ್ಯಾಂಡನ್‌ಬರ್ಗ್ ವಿರುದ್ಧ ಓಹಾಯೊ’ ತೀರ್ಪಿನಿಂದ. ಆ ಮಾತು ಜನರನ್ನು ಕೂಡಲೇ ಕಾನೂನು ಮುರಿಯಲು ಎಬ್ಬಿಸುವ ಗುರಿಯದ್ದಾಗಿರಬೇಕು. ಜನ ಹಾಗೆ ಏಳುವ ಸಂಭವವೂ ನಿಜಕ್ಕೂ ಇರಬೇಕು. ಅಂದರೆ ಉದ್ದೇಶ, ತಕ್ಷಣತೆ, ಸಂಭವ. ಮೂರರಲ್ಲಿ ಒಂದು ತಪ್ಪಿದರೂ ಪ್ರಚೋದನೆಯ ಆರೋಪ ಬಿದ್ದುಹೋಗುತ್ತದೆ.

ಪ್ರಕರಣದ ಹಿನ್ನೆಲೆ ಹೇಸಿಗೆ ಹುಟ್ಟಿಸುವಂಥದ್ದು. ಬಿಳಿಯರೇ ಮೇಲು ಎಂದು ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ನಾಯಕ ಕ್ಲಾರೆನ್ಸ್ ಬ್ರ್ಯಾಂಡನ್‌ಬರ್ಗ್ 1964ರಲ್ಲಿ ಓಹಾಯೊದ ಹ್ಯಾಮಿಲ್ಟನ್ ಕೌಂಟಿಯ ಹೊಲವೊಂದರಲ್ಲಿ ಸಭೆ ಸೇರಿಸಿದ. ಸಿನ್ಸಿನಾಟಿಯ ಟಿವಿ ವರದಿಗಾರನನ್ನು ತಾನೇ ಕರೆಸಿಕೊಂಡ. ಚಿತ್ರೀಕರಣದಲ್ಲಿ 12 ಮುಸುಕುಧಾರಿಗಳು, ಕೆಲವರ ಕೈಯಲ್ಲಿ ಬಂದೂಕು, ಉರಿಯುವ ಶಿಲುಬೆ, ಕಪ್ಪು ಜನರ ಮತ್ತು ಯಹೂದಿಗಳ ಮೇಲೆ ಹೊಲಸು ಮಾತು. ಅಧ್ಯಕ್ಷರು, ಸಂಸತ್ತು, ಸುಪ್ರೀಂ ಕೋರ್ಟು ಬಿಳಿಯರನ್ನು ಹೀಗೇ ಹತ್ತಿಕ್ಕುತ್ತಾ ಹೋದರೆ ಸೇಡು ತೀರಿಸಿಕೊಳ್ಳಬೇಕಾಗಿ ಬರಬಹುದು ಎಂದೂ ಅವನು ಹೇಳಿದ. ಓಹಾಯೊದ 1919ರ ಕಾನೂನಿನಡಿ ಅವನಿಗೆ 1,000 ಡಾಲರ್ ದಂಡ, 1ರಿಂದ 10 ವರ್ಷ ಜೈಲು ಶಿಕ್ಷೆಯಾಯಿತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಹಿಂಸೆಯನ್ನು ಬೋಧಿಸುವುದೇ ಬೇರೆ, ಈಗಲೇ ಹಿಂಸೆಗೆ ಇಳಿಸುವುದೇ ಬೇರೆ. ಓಹಾಯೊದ ಕಾನೂನು ಎರಡನ್ನೂ ಒಂದೇ ಎಂದು ನೋಡಿತ್ತು.

ವಕೀಲರು ಹೆಚ್ಚು ಹೊತ್ತು ವಾದಿಸುವುದು ‘ತಕ್ಷಣ’ದ ಮೇಲೆ. 1973ರ ಹೆಸ್ ಪ್ರಕರಣ ನೋಡಿ. ಇಂಡಿಯಾನಾದಲ್ಲಿ ಯುದ್ಧವಿರೋಧಿ ಪ್ರತಿಭಟನಕಾರರನ್ನು ಪೊಲೀಸರು ರಸ್ತೆಯಿಂದ ಬದಿಗೆ ಸರಿಸುತ್ತಿದ್ದಾಗ, ರಸ್ತೆಯನ್ನು ಆಮೇಲೆ ಹಿಡಿಯೋಣ ಎಂಬರ್ಥದಲ್ಲಿ ಒಬ್ಬ ಬೈಗುಳ ಸೇರಿಸಿ ಕೂಗಿದ. ‘ಆಮೇಲೆ’ ಎಂದರೆ ಯಾವಾಗ? ಅದು ಗೊತ್ತಿಲ್ಲದ ಮುಂದಿನ ಯಾವುದೋ ಹೊತ್ತು. ಮಾತು ನಿರ್ದಿಷ್ಟ ವ್ಯಕ್ತಿಗೆ, ಗುಂಪಿಗೆ ಹೇಳಿದ್ದೂ ಅಲ್ಲ. ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು.

ಇದಕ್ಕಿಂತ ಮುಖ್ಯವಾದದ್ದು 1982ರ ಕ್ಲೇಬೋರ್ನ್ ಹಾರ್ಡ್‌ವೇರ್ ತೀರ್ಪು. ಮಿಸಿಸಿಪ್ಪಿಯಲ್ಲಿ ಕಪ್ಪು ಜನರು 1966ರಲ್ಲಿ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಅದನ್ನು ಮುರಿದು ಒಳಹೋದವರ ಕತ್ತು ಮುರಿಯುತ್ತೇವೆ ಎಂದು ಆ ಹೋರಾಟದ ನಾಯಕ ಚಾರ್ಲ್ಸ್ ಎವರ್ಸ್ 1969ರಲ್ಲಿ ಗುಡುಗಿದ್ದರು. ಅಂಗಡಿಯವರು ದಾವೆ ಹೂಡಿದರು. ಕೆಳ ಕೋರ್ಟು ಸುಮಾರು 12.5 ಲಕ್ಷ ಡಾಲರ್ ನಷ್ಟ ತುಂಬಿಕೊಡಲು ಹೇಳಿತು. ಆ ಭಾಷಣಗಳ ಬೆನ್ನಿಗೇ ಹಿಂಸೆ ನಡೆದಿರಲಿಲ್ಲವಾದ್ದರಿಂದ ಸುಪ್ರೀಂ ಕೋರ್ಟು ಎವರ್ಸ್ ಅವರನ್ನು ಹೊಣೆ ಮಾಡಲು ಒಪ್ಪಲಿಲ್ಲ. ಕ್ಲಾನ್ ನಾಯಕನನ್ನು ಬಿಡಿಸಿದ ನಿಯಮವೇ ಕಪ್ಪು ಜನರ ಹೋರಾಟವನ್ನೂ ಕಾಪಾಡಿತು. ಈ ಮಾನದಂಡ ಇಷ್ಟು ಬಿಗಿಯಾಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ.

ಚಿತ್ರಮಂದಿರದಲ್ಲಿ ‘ಬೆಂಕಿ’ ಎಂದು ಸುಳ್ಳೇ ಕೂಗುವ ಹಕ್ಕಿಲ್ಲ ಎಂಬ ಸಾಲನ್ನು ಎಲ್ಲರೂ ಉದ್ಧರಿಸುತ್ತಾರೆ. ಅದು 1919ರ ಶೆಂಕ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹೋಮ್ಸ್ ಕೊಟ್ಟ ಉದಾಹರಣೆ ಮಾತ್ರ. ಅಲ್ಲಿ ಬೆಂಕಿಯೂ ಇರಲಿಲ್ಲ, ಚಿತ್ರಮಂದಿರವೂ ಇರಲಿಲ್ಲ. ಕಡ್ಡಾಯ ಸೇನಾ ಭರ್ತಿಯ ವಿರುದ್ಧ ಕರಪತ್ರ ಹಂಚಿದವರ ಜೈಲು ಶಿಕ್ಷೆಯನ್ನು ಕೋರ್ಟು ಎತ್ತಿಹಿಡಿಯಿತು. ಅಂಥ ಕರಪತ್ರಕ್ಕೆ ಇಂದು ಬ್ರ್ಯಾಂಡನ್‌ಬರ್ಗ್ ರಕ್ಷಣೆ ಸಿಗುತ್ತದೆ. ಆದ್ದರಿಂದ ಮಾತಿಗೆ ಮಿತಿ ಬೇಕೆಂದು ವಾದಿಸುವವರು ಆ ಸಾಲನ್ನು ನೆಚ್ಚಿಕೊಳ್ಳಬಾರದು.

ಎಲ್ಲ ಮಾತನ್ನೂ ಈ ಅಳತೆಯಲ್ಲಿ ಅಳೆಯುವುದಿಲ್ಲ. ಒಬ್ಬರಿಗೆ ನೇರವಾಗಿ ಒಡ್ಡುವ ಬೆದರಿಕೆಗೆ ತಕ್ಷಣತೆ ಬೇಕಿಲ್ಲ. ಮಾತು ಬೆದರಿಕೆಯಾಗಿ ಕೇಳಿಸಬಹುದೆಂಬ ಅರಿವಿದ್ದೂ ಲೆಕ್ಕಿಸದೆ ಆಡಿದ್ದನ್ನು ಸಾಬೀತುಪಡಿಸಿದರೆ ಸಾಕು ಎಂದು 2023ರ ಕೌಂಟರ್‌ಮನ್ ತೀರ್ಪು ಹೇಳಿದೆ. ಮಾನಹಾನಿ, ಅಶ್ಲೀಲತೆ, ವಂಚನೆಗಳಿಗೂ ಬೇರೆಯದೇ ನಿಯಮಗಳಿವೆ. ‘ದ್ವೇಷ ಭಾಷಣ’ ಎಂಬ ಪ್ರತ್ಯೇಕ ಅಪವಾದ ಮಾತ್ರ ಅಲ್ಲಿನ ಸಂವಿಧಾನದಲ್ಲಿಲ್ಲ. ಇನ್ನೊಂದು ಮಾತು: ವಾಕ್ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿ ಕಂಪನಿ ನಿಮ್ಮ ಬರಹವನ್ನು ಅಳಿಸಿದರೆ ಬ್ರ್ಯಾಂಡನ್‌ಬರ್ಗ್ ಹೆಸರು ಹೇಳಿ ಪ್ರಯೋಜನವಿಲ್ಲ.

ಭಾರತದ ಸುಪ್ರೀಂ ಕೋರ್ಟು 2011ರ ಅರೂಪ್ ಭುಯಾನ್ ಪ್ರಕರಣದಲ್ಲಿ ಈ ತೀರ್ಪನ್ನು ಆಧಾರವಾಗಿ ತೆಗೆದುಕೊಂಡಿತ್ತು. 2023ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು: ನಮ್ಮ ಸಂವಿಧಾನದ 19(2)ನೇ ವಿಧಿ ವಾಕ್ ಸ್ವಾತಂತ್ರ್ಯದ ಮೇಲೆ ‘ಸಮಂಜಸ ನಿರ್ಬಂಧ’ಗಳಿಗೆ ಎಡೆ ಕೊಡುತ್ತದೆ, ಅಮೆರಿಕದ ತೀರ್ಪುಗಳನ್ನು ಆ ವ್ಯತ್ಯಾಸ ಗಮನಿಸದೆ ಇಲ್ಲಿಗೆ ತರುವಂತಿಲ್ಲ.