ಊರಲ್ಲಿ ಒಬ್ಬಳು, ಆಫೀಸಿನಲ್ಲಿ ಇನ್ನೊಬ್ಬಳು: ಇವರಲ್ಲಿ ನಿಜವಾದ ನಾನು ಯಾರು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಗಂಡನ ಊರು ಗದಗ ಹತ್ತಿರದ ಹಳ್ಳಿ. ಅಲ್ಲಿಗೆ ಹೋದರೆ ತಲೆ ಬಗ್ಗಿಸಿ ಮಾತಾಡುವ ಸೊಸೆ. ಆಫೀಸಿನಲ್ಲಿ ಹತ್ತು ಜನಕ್ಕೆ ಕೆಲಸ ಹೇಳುವವಳು. ಮಾತಿನ ಧಾಟಿ ಬದಲಾಗುತ್ತದೆ, ನಗು ಕೂಡ ಬದಲಾಗುತ್ತದೆ. ಸಮಾಜ, ಸಂಪ್ರದಾಯ ಎಲ್ಲ ಬದಿಗಿಟ್ಟರೆ ಉಳಿಯುವ ನಿಜವಾದ ನಾನು ಯಾರು? ಅಥವಾ ಎರಡೂ ಕಡೆ ನಾಟಕ ಮಾಡುತ್ತಿದ್ದೇನಾ?

ಉತ್ತರ: ನಾಟಕ ಅಂದುಕೊಳ್ಳಬೇಡಿ. ಇಬ್ಬರೂ ನೀವೇ.

ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಬೆಂಗಳೂರಿಗೆ ಹೋದ ಹುಡುಗರು ಕೇಳುತ್ತಾರೆ, ಹಾಸ್ಟೆಲ್ ಸೇರಿದ ಹುಡುಗಿಯರು ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಒಂದು ನಂಬಿಕೆ ಇರುತ್ತದೆ. ಒಳಗೆಲ್ಲೋ ಯಾರ ಕೈಯೂ ತಾಗದ ಒಬ್ಬ ‘ನಾನು’ ಕೂತಿದ್ದಾಳೆ, ಮೇಲಿನದೆಲ್ಲ ಊರವರು ಹೊದಿಸಿದ್ದು ಅಂತ. ಈ ನಂಬಿಕೆಯನ್ನೇ ಮೊದಲು ಪರೀಕ್ಷೆ ಮಾಡೋಣ.

ಕೂಸಿಗೆ ಗೊತ್ತಾಗದಂತೆ ಮೂಗಿಗೆ ಸ್ವಲ್ಪ ಬಣ್ಣ ಹಚ್ಚಿ ಕನ್ನಡಿ ಮುಂದೆ ಬಿಟ್ಟು ನೋಡುವ ಒಂದು ಪರೀಕ್ಷೆ ಇದೆ. ತನ್ನ ಮೂಗನ್ನೇ ಮುಟ್ಟಿಕೊಂಡರೆ, ಕನ್ನಡಿಯಲ್ಲಿರುವುದು ತಾನೇ ಅಂತ ಅದಕ್ಕೆ ತಿಳಿದಿದೆ ಎಂದು ಅರ್ಥ. ಹೆಚ್ಚಿನ ಮಕ್ಕಳಿಗೆ ಇದು ಒಂದೂವರೆ ವರ್ಷದಿಂದ ಎರಡು ವರ್ಷದ ನಡುವೆ ಬರುತ್ತದೆ. ಅಷ್ಟರೊಳಗೆ ನಮ್ಮ ಮನೆಗಳಲ್ಲಿ ಏನೇನು ನಡೆದಿರುತ್ತದೆ ನೋಡಿ. ತೀರಿಹೋದ ಅಜ್ಜಿಯ ಹೆಸರನ್ನು ಕೂಸಿಗೆ ಇಟ್ಟಿರುತ್ತಾರೆ. ಅತ್ತೆಯ ಹೆಸರು ಬಾಯಿಬಿಟ್ಟು ಹೇಳಬಾರದು ಅಂತ ತಾಯಿ ತನ್ನ ಮಗಳನ್ನೇ ‘ಯವ್ವಾ’ ಎಂದು ಕರೆಯುತ್ತಾಳೆ. ‘ಮೂಗು ಥೇಟ್ ನಮ್ಮವ್ವಂದು’ ಅಂತ ಅಪ್ಪ. ‘ಹಟ ಮಾತ್ರ ಅವರ ಮುತ್ಯಾಂದು’ ಅಂತ ಚಿಗವ್ವ. ತಾನು ಯಾರು ಅಂತ ಕೂಸು ಯೋಚನೆ ಮಾಡುವ ಮೊದಲೇ ಮನೆಮಂದಿ ಅದಕ್ಕೆ ಹತ್ತು ಉತ್ತರ ಹೇಳಿ ಮುಗಿಸಿರುತ್ತಾರೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ಇದನ್ನು ಕನ್ನಡಿಗೆ ಹೋಲಿಸಿ ವಿವರಿಸಿದ. ಎದುರಿನವರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ ಅಂತ ಊಹಿಸುತ್ತೇವೆ. ಅದನ್ನು ನೋಡಿ ಅವರು ಏನಂದುಕೊಂಡಾರು ಅಂತಲೂ ಊಹಿಸುತ್ತೇವೆ. ಆಮೇಲೆ ಹೆಮ್ಮೆಯೋ ನಾಚಿಕೆಯೋ ಹುಟ್ಟುತ್ತದೆ. ಎರಡೂ ಊಹೆಗಳೇ, ಅಲ್ವಾ? ನಿಮ್ಮ ಅತ್ತೆ ಆ ದಿನ ಏನೂ ಅಂದಿರಲಿಕ್ಕಿಲ್ಲ. ಆದರೂ ಹೊಸ್ತಿಲು ದಾಟಿದ ಕೂಡಲೇ ನಿಮ್ಮ ತಲೆ ತಾನಾಗಿ ಬಗ್ಗುತ್ತದೆ.

ನಮ್ಮ ಸೀಮೆಯಲ್ಲಿ ಈ ಕನ್ನಡಿಯನ್ನು ಎದುರಿಗೆ ಹಿಡಿಯುವ ಪ್ರಶ್ನೆಯೊಂದಿದೆ. ‘ಯಾರ ಪೈಕಿ?’

ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಪಕ್ಕದ ಮುದುಕಿ ಹುಗ್ಗಿ ಕಲಸುತ್ತಾ ನಿಮ್ಮ ಮುಖವನ್ನೇ ನೋಡುತ್ತಾಳೆ. ‘ಯಾರ ಪೈಕಿ ಯವ್ವಾ ನೀ?’ ನೀವು ನಿಮ್ಮ ಹೆಸರು ಹೇಳಿದರೆ ಅವಳಿಗೆ ಏನೂ ತಿಳಿಯುವುದಿಲ್ಲ. ‘ಕುರ್ತಕೋಟಿ ಬಸಮ್ಮಾಯಿ ಮೊಮ್ಮಗಳ್ರಿ’ ಅನ್ನಿ. ಮುದುಕಿಯ ಮುಖ ಅರಳುತ್ತದೆ. ಎಡಗೈಯಿಂದ ನಿಮ್ಮ ಗಲ್ಲ ಸವರುತ್ತಾಳೆ. ಬಡಿಸುವವನನ್ನು ಕೂಗಿ, ನೀವು ಬೇಡ ಅಂದರೂ ನಿಮ್ಮ ಎಲೆಗೆ ತುಪ್ಪ ಹಾಕಿಸುತ್ತಾಳೆ. ‘ನಿಮ್ಮ ಆಯಿ ಎಷ್ಟ್ ಚಂದ ಹಾಡ್ತಿದ್ದಳು ಗೊತ್ತೇನು?’ ಅನ್ನುತ್ತಾಳೆ. ಐದು ನಿಮಿಷದ ಹಿಂದೆ ಗೊತ್ತಿಲ್ಲದ ಒಂದು ಸಂಗತಿ ಈಗ ನಿಮ್ಮ ಭಾಗವಾಗಿದೆ. ನಾನು ಹಾಡುವವರ ಮನೆಯವಳು! ಇದನ್ನು ಹೊರಗಿನಿಂದ ಹೊದಿಸಿದ್ದು ಅಂತ ತೆಗೆದು ಹಾಕಲು ನನಗಂತೂ ಮನಸ್ಸಾಗುವುದಿಲ್ಲ.

ಈಗ ಅದೇ ಪ್ರಶ್ನೆಯನ್ನು ಇನ್ನೊಂದು ಬಾಗಿಲಲ್ಲಿ ಕೇಳಿ. ಧಾರವಾಡದಲ್ಲಿ ಓದಲು ಬಂದ ಹುಡುಗ ಬಾಡಿಗೆ ರೂಮು ಹುಡುಕುತ್ತಿದ್ದಾನೆ. ರೂಮು ಖಾಲಿ ಇದೆ, ಬಾಡಿಗೆಯೂ ಒಪ್ಪಿಗೆಯಾಗಿದೆ. ‘ಅಡ್ಡಹೆಸರೇನಪಾ?’ ಅನ್ನುತ್ತಾರೆ ಮನೆಯವರು. ನಮ್ಮ ಕಡೆ ಅಡ್ಡಹೆಸರು ಊರಿನದಿರಬಹುದು, ಬಡಿಗೇರ, ಹೂಗಾರ ಅಂತ ಕಸುಬಿನದಿರಬಹುದು, ಮೆಣಸಿನಕಾಯಿ, ಬೆಲ್ಲದ ಅಂತ ತಿನ್ನುವ ವಸ್ತುವಿನದೂ ಇರಬಹುದು. ಹೆಸರಿನಿಂದ ಗೊತ್ತಾಗದಿದ್ದರೆ ಮುಂದಿನ ಪ್ರಶ್ನೆ ಬರುತ್ತದೆ. ‘ಅಂದ್ರ, ಯಾರ ಪೈಕಿ?’ ಹುಡುಗ ಉತ್ತರ ಹೇಳುತ್ತಾನೆ. ‘ರೂಮು ನಿನ್ನೇನೇ ಒಬ್ಬರಿಗೆ ಹೇಳಿಬಿಟ್ಟೇವಪಾ’ ಅಂತ ಬಾಗಿಲು ಹಾಕುತ್ತಾರೆ. ಆ ಹುಡುಗನಿಗೂ ತನ್ನ ಬಗ್ಗೆ ಒಂದು ಸಂಗತಿ ತಿಳಿಯಿತು. ಮುಂದಿನ ಮನೆಯ ಮೆಟ್ಟಿಲು ಹತ್ತುವಾಗ ಅವನ ದನಿ ಸಣ್ಣದಾಗಿರುತ್ತದೆ.

ಈ ದನಿ ಸಣ್ಣದಾಗುವುದನ್ನು ಅಳೆದು ನೋಡಿದವರಿದ್ದಾರೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರನೇ, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿಯ ಮಾತು ಎತ್ತದೇ ಇದ್ದಾಗ ಮೇಲ್ಜಾತಿ, ಕೆಳಜಾತಿ ಎನಿಸಿಕೊಂಡ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನು ಕೆಲವು ಗುಂಪುಗಳಲ್ಲಿ ಪ್ರತಿ ಹುಡುಗನ ಹೆಸರು, ಊರು, ತಂದೆ ಮತ್ತು ಅಜ್ಜನ ಹೆಸರು, ಜಾತಿ ಎಲ್ಲವನ್ನೂ ಎಲ್ಲರ ಮುಂದೆ ಓದಿ ಹೇಳಿದರು. ಅಷ್ಟಕ್ಕೇ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. 2006ರಲ್ಲಿ ಪ್ರಕಟವಾದ ಅಧ್ಯಯನ ಇದು. ಬುದ್ಧಿ ಅದೇ, ಒಗಟೂ ಅದೇ ಥರದ್ದು. ‘ಯಾರ ಪೈಕಿ’ ಎಂಬುದನ್ನು ಜೋರಾಗಿ ಹೇಳಿದ್ದಷ್ಟೇ ಹೊಸದು. ಒಬ್ಬರಿಗೆ ತುಪ್ಪ ಹಾಕಿಸುವ ಪ್ರಶ್ನೆ ಇನ್ನೊಬ್ಬರ ಕೈ ಕಟ್ಟುತ್ತದೆ. ಸಮಾಜ ನಮ್ಮನ್ನು ರೂಪಿಸುತ್ತದೆ ಎಂದು ಸಲೀಸಾಗಿ ಹೇಳುವವರು ಇದನ್ನು ಮರೆಯಬಾರದು ಅಂತ ನನಗೆ ಬಹಳ ಅನಿಸುತ್ತದೆ.

ಸರ್ಕಾರದ ನಕ್ಷೆ ಕೂಡ ‘ನಾವು ಯಾರು’ ಅನ್ನುವುದನ್ನು ಬದಲಿಸುತ್ತದೆ. 1956ರವರೆಗೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಅಲ್ಲಿಯವರೆಗೆ ಧಾರವಾಡ ಜಿಲ್ಲೆಯವರು ಅನ್ನಿಸಿಕೊಂಡವರು ಕೂತಲ್ಲೇ ಬೇರೆ ಜಿಲ್ಲೆಯವರಾದರು.

ಇನ್ನು ಸಂಸ್ಕೃತಿಯ ಮಾತು. ಹೇಝಲ್ ಮಾರ್ಕಸ್ ಮತ್ತು ಶಿನೊಬು ಕಿತಾಯಾಮಾ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಒಂದು ವಾದ ಮುಂದಿಟ್ಟರು. ಅಮೆರಿಕದಂಥ ಕಡೆ ‘ನಾನು’ ಅಂದರೆ ಉಳಿದವರಿಂದ ಬೇರೆಯಾಗಿ ನಿಂತವನು. ಏಷ್ಯಾದ ಅನೇಕ ಕಡೆ ‘ನಾನು’ ಅಂದರೆ ಸಂಬಂಧಗಳ ನಡುವೆ ಇರುವವನು. ಇದನ್ನು ಪೂರ್ವ, ಪಶ್ಚಿಮ ಅಂತ ಗೆರೆ ಎಳೆದು ಹೇಳುವವರು ಜಾಸ್ತಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಾರಣ ಹೇಳುತ್ತೇನೆ. 1954ರಿಂದ ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ‘ನಾನು ಯಾರು?’ ಎಂಬುದಕ್ಕೆ ಇಪ್ಪತ್ತು ಉತ್ತರ ಬರೆಯಬೇಕು. 1990ರ ದಶಕದಲ್ಲಿ ಕೆನ್ಯಾದಲ್ಲಿ ಇದನ್ನು ಮಾಡಿಸಿದಾಗ ಮಸಾಯಿ, ಸಂಬುರು ಸಮುದಾಯದವರು ಹೆಚ್ಚಾಗಿ ತಮ್ಮ ಪಾತ್ರ, ಸಂಬಂಧ, ಗುಂಪುಗಳನ್ನೇ ಹೇಳಿದರು. ಅದೇ ದೇಶದ ನೈರೋಬಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಉತ್ತರಗಳು ಅಮೆರಿಕದ ವಿದ್ಯಾರ್ಥಿಗಳ ಉತ್ತರಗಳಿಗೆ ಹತ್ತಿರವಾಗಿದ್ದವು. ದೇಶ ಒಂದೇ ಆದರೂ ಶಾಲೆ ಮತ್ತು ಪೇಟೆ ಇಷ್ಟು ಕೆಲಸ ಮಾಡುತ್ತವೆ. ಗದಗ ಹುಬ್ಬಳ್ಳಿಗಳ ನಡುವೆ ಅರವತ್ತು ಕಿಲೋಮೀಟರ್ ಕೂಡ ಇಲ್ಲ, ಆದರೂ ನಿಮ್ಮೊಳಗೆ ಇಬ್ಬರಿದ್ದಾರೆ ಅಂದರೆ ಆಶ್ಚರ್ಯವಿಲ್ಲ.

ಪರೀಕ್ಷೆಯನ್ನು ನೀವೂ ಮಾಡಿ ನೋಡಿ. ಒಮ್ಮೆ ಕನ್ನಡದಲ್ಲಿ, ಕೆಲವು ದಿನ ಬಿಟ್ಟು ಇಂಗ್ಲಿಷಿನಲ್ಲಿ. ಚೀನಾದಲ್ಲಿ ಹುಟ್ಟಿ ಕೆನಡಾದಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ನಡೆದ 2002ರ ಅಧ್ಯಯನವೊಂದರಲ್ಲಿ, ಚೀನಿ ಭಾಷೆಯಲ್ಲಿ ಉತ್ತರಿಸಿದವರು ಇಂಗ್ಲಿಷಿನಲ್ಲಿ ಉತ್ತರಿಸಿದವರಿಗಿಂತ ಹೆಚ್ಚಾಗಿ ತಮ್ಮ ಜನ, ಗುಂಪುಗಳ ಮೂಲಕ ತಮ್ಮನ್ನು ಹೇಳಿಕೊಂಡಿದ್ದರು. ಆಫೀಸಿನ ಇಂಗ್ಲಿಷು, ಮನೆಯ ಕನ್ನಡ, ನಡುವೆ ನಿಮ್ಮ ನಗು ಬದಲಾಗುವುದು ಇದಕ್ಕೇ ಇರಬಹುದು.

‘ಹಾಗಾದರೆ ನನ್ನದು ಅಂತ ಏನೂ ಇಲ್ಲವಾ?’ ಇದೆ. ಜಾರ್ಜ್ ಹರ್ಬರ್ಟ್ ಮೀಡ್ ಎಂಬ ಚಿಂತಕ ‘ನಾನು’ ಎಂಬುದರಲ್ಲೇ ಎರಡು ಭಾಗ ಗುರುತಿಸಿದ. ಸಮಾಜ ಕಲಿಸಿದ್ದೆಲ್ಲ ಒಂದು ಭಾಗ. ಅದಕ್ಕೆ ಆ ಗಳಿಗೆಯಲ್ಲಿ ನಾವು ಕೊಡುವ ಉತ್ತರ ಇನ್ನೊಂದು ಭಾಗ. ಆ ಉತ್ತರ ಹೀಗೇ ಬರುತ್ತದೆ ಅಂತ ಮೊದಲೇ ಯಾರೂ ಹೇಳಲಾರರು.

ನಮ್ಮ ಮದುವೆಗಳಲ್ಲಿ ಒಡಪು ಹೇಳುವುದನ್ನು ನೆನಪಿಸಿಕೊಳ್ಳಿ. ಗಂಡನ ಹೆಸರು ಹೇಳಬಾರದು ಎಂಬ ರೂಢಿಯೂ ಹಿರಿಯರದು, ಒಡಪು ಕಟ್ಟಿ ಹೇಳಲೇಬೇಕು ಎಂಬ ಒತ್ತಾಯವೂ ಅವರದೇ. ಹೆಂಗಸರು ಸುತ್ತ ನಿಂತು ಬಾಗಿಲು ಕಟ್ಟುತ್ತಾರೆ. ಮದುಮಗಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಎರಡು ಗಳಿಗೆ ಸುಮ್ನೆ ನಿಲ್ಲುತ್ತಾಳೆ. ಆಮೇಲೆ ‘ಸಂತ್ಯಾಗಿನ ಬ್ಯಾಡಗಿ ಮೆಣಸಿನಕಾಯಿ ಕೆಂಪ, ಬಸವರಾಜರ ಮಾತು ಕೇಳಿದ್ರ ನನ್ನ ಮನಸಿಗೆ ತಂಪ’ ಅಂದುಬಿಡುತ್ತಾಳೆ. ಎಲ್ಲರೂ ಹೋ ಅಂತ ನಗುತ್ತಾರೆ. ರೂಢಿ ಊರಿನದು, ಪ್ರಾಸದ ಪದ್ಧತಿ ಊರಿನದು, ಮೆಣಸಿನಕಾಯಿಯೂ ಊರಿನದೇ. ಅವನ್ನು ಹೀಗೆ ಕೂಡಿಸಿದವಳು ಮಾತ್ರ ಅವಳು.

ಇನ್ನೂ ದೊಡ್ಡ ಉತ್ತರ ಕೊಟ್ಟವರು ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲೇ ಇದ್ದರು. ಶರೀಫರು (1819–1889) ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಯಾರ ಪೈಕಿ ಅಂತ ಅವರನ್ನು ಎರಡೂ ಕಡೆಯವರು ಕೇಳಿಯೇ ಕೇಳಿದ್ದಾರು. ಹಾಡಿದ್ದು ಮಾತ್ರ ಊರಿನ ಭಾಷೆಯಲ್ಲೇ, ಊರಿನ ಮನೆ, ಮಳೆ, ಸಂತೆಗಳ ಮಾತಿನಲ್ಲೇ. ಇವತ್ತಿಗೂ ಅವರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ.

ಇನ್ನು ನಿಮ್ಮ ವಿಷಯ. ಧಾಟಿ ಬದಲಾಗುವುದಕ್ಕೆ ಚಿಂತೆ ಬೇಡ. ತಲೆ ಬಗ್ಗುವುದು ಪ್ರೀತಿಯಿಂದಲೋ ಹೆದರಿಕೆಯಿಂದಲೋ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. ಹೆದರಿಕೆಯಾದರೆ ಅದನ್ನು ನಿಮ್ಮ ಗಂಡನ ಜೊತೆ ಮಾತಾಡಲೇಬೇಕು, ಒಬ್ಬರೇ ಸರಿಮಾಡುವ ಕೆಲಸ ಅದಲ್ಲ. ಪ್ರೀತಿಯಾದರೆ ಒಂದು ಕೆಲಸ ಮಾಡಿ. ನಿಮ್ಮ ಅತ್ತೆ ಸೊಸೆಯನ್ನು ನೋಡಿದ್ದಾರೆ, ಹತ್ತು ಜನಕ್ಕೆ ಕೆಲಸ ಹೇಳುವವಳನ್ನು ನೋಡಿಯೇ ಇಲ್ಲ. ಮುಂದಿನ ಸಲ ಅವರು ಹುಬ್ಬಳ್ಳಿಗೆ ಬಂದು ದುರ್ಗದಬೈಲಿನಲ್ಲಿ ಸಂತೆ ಮುಗಿಸಿದ ಮೇಲೆ, ಅರ್ಧ ತಾಸು ನಿಮ್ಮ ಆಫೀಸಿಗೆ ಕರೆದುಕೊಂಡು ಹೋಗಿ, ನಿಮ್ಮ ಕುರ್ಚಿಯ ಪಕ್ಕ ಕೂರಿಸಿಕೊಳ್ಳಿ.